ಪುಂಗಳಿಯ ಉದ್ದ

ಸಂಘದ ಕಾರ್ಯದರ್ಶಿಗಳು ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯ ಕುರಿತು ಬರೆಯುವೆನೆಂದೇ ಅವರು ಭಾವಿಸಿದ್ದಿರಬೇಕು. ಆ ವಿಷಯವನ್ನು ನಾನು ಹಿಂದಿನ ಸಂಚಿಕೆಗಳಲ್ಲಿ ಬರೆದಿದ್ದೇನೆ. ನನಗಿಂತ ಚೆನ್ನಾಗಿ ಬರೆಯುವವರು ಈ ಸಲವೂ ಬರೆಯುತ್ತಾರೆ. ಮಹಾಜನ ವರದಿಯ ಮಾತನ್ನೂ ಇಲ್ಲಿ ಎತ್ತುವುದಿಲ್ಲ. ಕಳೆದ ವರ್ಷ ಮಗಳ ಮನೆಯಲ್ಲಿದ್ದ ಐದು ತಿಂಗಳ ಅವಧಿಯಲ್ಲಿ ನಾನು ಕಲಿತ ಒಂದು ಕೆಲಸದ ಬಗ್ಗೆ ಬರೆಯುವ ಮನಸ್ಸಾಗಿದೆ. ಎಪ್ಪತ್ತೈದು ದಾಟಿದ ನಿವೃತ್ತ ಮುಖ್ಯಾಧ್ಯಾಪಕನೊಬ್ಬ ಪಿಸ್ತೂಲಿನ ಖಾಲಿ ಕಾಡತೂಸುಗಳ ಉದ್ದವನ್ನು ಅಳೆಯುತ್ತ ಕುಳಿತಿದ್ದನೆಂದರೆ ಓದುಗರಿಗೆ ನಗು ಬಂದೀತು. ನಕ್ಕು, ಮುಂದೆ ಓದಬೇಕು.

ಮೊದಲು ಪದಗಳ ವಿಚಾರ. ‘ಕಾಡತೂಸು’ ಎಂಬ ಶಬ್ದವನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಉಚ್ಚರಿಸಿದ್ದೇನೆ. 1857ರ ಪಾಠ ಬಂದಾಗಲೆಲ್ಲ ಎನ್‌ಫೀಲ್ಡ್ ಬಂದೂಕು, ಕೊಬ್ಬು ಸವರಿದ ಕಾಡತೂಸು, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಸಿಪಾಯಿಗಳ ಸಂಕಟ, ಇವನ್ನೆಲ್ಲ ಹೇಳಲೇಬೇಕು. ಪೋರ್ಚುಗೀಸರ ‘ಕಾರ್ತೂಶು’ ಮರಾಠಿಯಲ್ಲಿ ‘ಕಾಡತೂಸ’ವಾಗಿ, ನಮ್ಮಲ್ಲಿ ‘ಕಾಡತೂಸು’ ಆಯಿತು. ಆ ಕಾಲದ ಕಾಡತೂಸು ಕಾಗದದ ಕೊಳವೆ. ಅದರಲ್ಲಿ ಮದ್ದು ಮತ್ತು ಗುಂಡು. ಹರಿದು ಮದ್ದನ್ನು ನಳಿಗೆಗೆ ಸುರಿದ ಮೇಲೆ ಮತ್ತೆ ತುಂಬಲು ಏನೂ ಉಳಿಯುತ್ತಿರಲಿಲ್ಲ. ಈಗಿನದು ಹಿತ್ತಾಳೆಯದು: ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಗುಂಡು ಹಾರಿಹೋದರೂ ಹಿತ್ತಾಳೆಯ ಕೊಳವೆ ಉಳಿಯುತ್ತದೆ. ಆ ಖಾಲಿ ಕೊಳವೆಯನ್ನು ಮರಾಠಿಯವರು ‘ಪುಂಗಳಿ’ ಎನ್ನುತ್ತಾರೆ. ನಮ್ಮ ಶಾಲೆಯ ಕನ್ನಡ ಹುಡುಗರೂ ಹಾಗೆಯೇ ಎನ್ನುತ್ತಿದ್ದರು. ನಾನು ಅದನ್ನು ತಿದ್ದಲಿಲ್ಲ. ಅಕ್ಕಲಕೋಟೆ ತಾಲೂಕಿನ ಕನ್ನಡದಲ್ಲಿ ಇಂಥ ನೂರು ಶಬ್ದಗಳಿವೆ, ಅವುಗಳಿಂದ ನಮ್ಮ ಕನ್ನಡ ಕೆಟ್ಟಿದೆಯೆಂದು ನನಗೆ ಎಂದೂ ಅನಿಸಿಲ್ಲ.

ಪುಂಗಳಿಗಳೊಂದಿಗೆ ನನ್ನ ಪರಿಚಯ ಹಳೆಯದು. ಬಾಲ್ಯದಲ್ಲಿ ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರದಲ್ಲಿ ಸಾಲಾಗಿ ನಿಲ್ಲಿಸಿದ್ದ ಬಂದೂಕುಗಳನ್ನು ಬಾಯ್ದೆರೆದು ನೋಡಿದ್ದುಂಟು. ಶಿಕ್ಷಕನಾದ ಮೇಲೆ ಎನ್‌ಸಿಸಿಯ ಹೊಣೆ ನನ್ನ ಪಾಲಿಗೆ ಬಂತು. ವರ್ಷಕ್ಕೊಮ್ಮೆ ಗುರಿ ಅಭ್ಯಾಸದ ದಿನ ಹುಡುಗರಿಗೆ .22 ಬಂದೂಕಿನಲ್ಲಿ ತಲಾ ಐದು ಸುತ್ತು. ಐವತ್ತು ಹುಡುಗರಾದರೆ ಇನ್ನೂರೈವತ್ತು ಪುಂಗಳಿಗಳನ್ನು ಎಣಿಸಿ ಹಿಂದಿರುಗಿಸಬೇಕು. ಒಂದು ಸಲ ಇನ್ನೂರನಲವತ್ತೊಂಬತ್ತೇ ಇದ್ದವು. ಹವಾಲ್ದಾರರು ಎಲ್ಲರನ್ನೂ ಸಾಲಾಗಿ ಮಂಡಿಯೂರಿಸಿ ಮೈದಾನದ ಹುಲ್ಲನ್ನು ಕೈಯಿಂದ ಜಾಲಾಡಿಸಿದರು. ಸೂರ್ಯ ಮುಳುಗುವ ಹೊತ್ತಿಗೆ ಸಾಲಿನ ತುದಿಯಿಂದ ಸಣ್ಣ ಸೀಟಿಯ ಸದ್ದು ಕೇಳಿತು. ಪುಂಗಳಿಯ ಬಾಯಿಗೆ ತುಟಿಯಿಟ್ಟು ಊದಿದರೆ ಒಳ್ಳೆಯ ಸೀಟಿ ಬರುತ್ತದೆ. ಎಂಟನೆಯ ತರಗತಿಯ ಒಬ್ಬನ ಬಾಯಲ್ಲಿ ಅದಿತ್ತು. ಆ .22 ಪುಂಗಳಿಯನ್ನು ಮತ್ತೆ ತುಂಬಲು ಬಾರದು. ಅದರ ಕಿಡಿಮದ್ದು ತಳದ ಅಂಚಿನ ಒಳಗೇ ಇರುತ್ತದೆ, ಸೂಜಿ ಬಡಿದಾಗ ಅಂಚೇ ನಜ್ಜಾಗುತ್ತದೆ. ಆದರೂ ಲೆಕ್ಕವೆಂದರೆ ಲೆಕ್ಕ.

ನನ್ನ ಮಗಳು ಮತ್ತು ಅಳಿಯ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಹೊರವಲಯದಲ್ಲಿ ನೆಲೆಸಿ ಇಪ್ಪತ್ತೈದು ವರ್ಷಗಳಾದವು. ಮೊಮ್ಮಗ ಅಲ್ಲಿಯೇ ಹುಟ್ಟಿದವನು. ವಯಸ್ಸು ಇಪ್ಪತ್ತಮೂರು, ಓದುವುದು ಎಂಜಿನಿಯರಿಂಗ್. ಅವನಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಅರ್ಧಂಬರ್ಧ. ನಾನು ತಲುಪಿದ ಎರಡನೆಯ ದಿನವೇ ಮಗಳು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು: “ಅಪ್ಪಾ, ನೀವಾದ್ರ ಅವಗ ಒಂದ ಮಾತ ಹೇಳ್ರಿ. ಪಿಸ್ತೂಲ್ ತೊಗೊಂಡಾನ. ಅದೂ ಸಾಲದಂತ ಈಗ ಬಾಜೂ ಮನಿಯವರ ಗ್ಯಾರೇಜಿನ್ಯಾಗ ಕೂತು ಗುಂಡು ತಾನ ತಯಾರ ಮಾಡ್ತಾನ. ಅವರಪ್ಪನ ಕೂಡ ಮಾತ ಬಿಟ್ಟು ತಿಂಗಳಾತು.”

ಮನೆಯೊಳಗಿನ ಮೌನ ನನಗೂ ಕಂಡಿತ್ತು. ತಂದೆ ಊಟಕ್ಕೆ ಕುಳಿತರೆ ಮಗ ಏಳುತ್ತಿದ್ದ. ಅಳಿಯಂದಿರು ಸೌಮ್ಯ ಸ್ವಭಾವದವರು. ಅವರ ವಾದವೂ ಸರಳ. ಆ ದೇಶದಲ್ಲಿ ಬಂದೂಕಿನಿಂದ ಆಗುತ್ತಿರುವ ಅನಾಹುತಗಳನ್ನು ದಿನವೂ ಕೇಳುತ್ತೇವೆ, ನಮ್ಮ ಮನೆಗೆ ಅದು ಬೇಡ. ಮೊಮ್ಮಗನ ವಾದವೂ ಸರಳವೇ: ತಾನು ಕ್ರೀಡಾಪಟು, ಕಾಗದದ ಗುರಿಗೆ ಹೊಡೆಯುವವನು, ಕಾನೂನು ಮೀರಿಲ್ಲ. ಸ್ಪರ್ಧೆಗೆ ತಯಾರಾಗಲು ವಾರಕ್ಕೆ ಇನ್ನೂರು ಸುತ್ತು ಬೇಕು. ಅಂಗಡಿಯ ಬೆಲೆಗೆ ವಿದ್ಯಾರ್ಥಿವೇತನ ಸಾಲದು. ನನ್ನ ಮನಸ್ಸು ಅಳಿಯಂದಿರ ಕಡೆಗಿತ್ತು. ಈಗಲೂ ಬಹುಪಾಲು ಅಲ್ಲಿಯೇ ಇದೆ. ಆದರೆ ಒಂದು ಕೆಲಸವನ್ನು ಬಿಡು ಎನ್ನುವ ಮೊದಲು ಅದು ಏನೆಂದು ನೋಡಬೇಕು ಎಂಬುದು ಮೇಷ್ಟರ ಹಳೆಯ ಅಭ್ಯಾಸ. ಮರುದಿನ ಸಂಜೆ ಅವನ ಹಿಂದೆ ಪಕ್ಕದ ಮನೆಗೆ ಹೋದೆ.

ಪಕ್ಕದ ಮನೆಯವರು ಎಂಬತ್ತರ ಹರೆಯದ ವೃದ್ಧರು. ಲೇತ್ ಯಂತ್ರದ ಮೇಲೆ ನಲವತ್ತು ವರ್ಷ ದುಡಿದು ನಿವೃತ್ತರಾದವರು. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಗೋಡೆಗೆ ಒತ್ತಿ ಒಂದು ದಪ್ಪ ಮರದ ಮೇಜು, ಅದಕ್ಕೆ ಬೋಲ್ಟ್ ಹಾಕಿ ಬಿಗಿದ ಎರಕದ ಒತ್ತುಯಂತ್ರ. ಬಾಗಿಲ ಮೇಲೆ ಧೂಮಪಾನ ನಿಷೇಧದ ಫಲಕ. ಮೇಜಿನ ಮೇಲೆ ಒಂದು ಸಮಯಕ್ಕೆ ಒಂದೇ ಡಬ್ಬಿ ಮದ್ದು. ರೇಡಿಯೋ ಇಲ್ಲ, ಫೋನು ಹೊರಗಿನ ಬುಟ್ಟಿಯಲ್ಲಿ. ಯಾವುದೋ ಶಾಲೆಯ ಪ್ರಯೋಗಶಾಲೆಗೆ ಬಂದಂತೆ ಅನಿಸಿತು. ನಮ್ಮ ಶಾಲೆಯ ಪ್ರಯೋಗಶಾಲೆ ಎಂದೂ ಅಷ್ಟು ಒಪ್ಪವಾಗಿರಲಿಲ್ಲವೆಂಬುದು ಬೇರೆ ಮಾತು.

ನಮ್ಮ ದೇಶದ ಓದುಗರಿಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ನಮ್ಮಲ್ಲಿ ಅಪರಾಧ. ಅಲ್ಲಿ ಮಾರಾಟಕ್ಕೆ ತಯಾರಿಸಲು ಕೇಂದ್ರ ಸರ್ಕಾರದ ಪರವಾನಗಿ ಬೇಕು, ಸ್ವಂತ ಉಪಯೋಗಕ್ಕೆ ಬೇಡ. ನಿಶ್ಶಸ್ತ್ರೀಕರಣದ ಕಾನೂನಿನ ವಿರುದ್ಧ ಹಲಗಲಿಯ ಬೇಡರು ಬಂಡೆದ್ದ ಕಥೆಯನ್ನು ಅಭಿಮಾನದಿಂದ ಪಾಠ ಹೇಳಿದ ನಾನೇ, ಅಲ್ಲಿ ಕಿರಾಣಿಯಂತೆ ಮಾರಾಟಕ್ಕಿಟ್ಟ ಬಂದೂಕುಗಳನ್ನು ನೋಡಿ ನಡುಗಿದೆ. ಎರಡೂ ನನ್ನೊಳಗೆ ಇವೆ.

ಕೆಲಸದ ಕ್ರಮ ಹೀಗೆ. ಹಾರಿಸಿದ ಪುಂಗಳಿಗಳನ್ನು ಆಯ್ದು ತಂದು, ತೊಳೆದು, ಬಿರುಕು ಇದೆಯೇ ಎಂದು ಒಂದೊಂದನ್ನೂ ನೋಡುತ್ತಾರೆ. ನಂತರ ಒತ್ತುಯಂತ್ರದ ಅಚ್ಚಿನೊಳಗೆ ತಳ್ಳಿದರೆ, ಸಿಡಿದಾಗ ಉಬ್ಬಿದ ಹಿತ್ತಾಳೆ ಮೊದಲಿನ ಗಾತ್ರಕ್ಕೆ ಬರುತ್ತದೆ. ತಳದಲ್ಲಿರುವ, ನಮ್ಮ ಹಳ್ಳಿಯವರು ಕೇಪು ಎನ್ನುವ ಹಳೆಯ ಪ್ರೈಮರ್ ಹೊರಬೀಳುತ್ತದೆ. ಹೊಸ ಪ್ರೈಮರ್ ಕೂಡಿಸುವುದು, ಪುಂಗಳಿಯ ಬಾಯನ್ನು ತುಸು ಅರಳಿಸುವುದು, ತೂಗಿದ ಮದ್ದು ಹಾಕುವುದು, ಗುಂಡನ್ನು ಗೊತ್ತಾದ ಆಳಕ್ಕೆ ಕೂಡಿಸುವುದು, ಅರಳಿಸಿದ ಬಾಯನ್ನು ಮತ್ತೆ ಬಿಗಿಯುವುದು. ಮದ್ದಿನ ತೂಕವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಆಯಾ ಮದ್ದಿಗೆ ತಯಾರಕರು ಪ್ರಕಟಿಸಿದ ಕೈಪಿಡಿಯಿಂದಲೇ ಬರಬೇಕೆಂದು ಆ ವೃದ್ಧರ ಕಟ್ಟಪ್ಪಣೆ. ನೆರೆಯವನ ಬಾಯಿಂದ ಕೇಳಿದ ತೂಕವನ್ನು ಹಾಕುವವನಿಗೆ ಅವರ ಗ್ಯಾರೇಜಿನಲ್ಲಿ ಪ್ರವೇಶವಿರಲಿಲ್ಲ.

ಮೊಮ್ಮಗನ ಪಿಸ್ತೂಲು ಜಾನ್ ಬ್ರೌನಿಂಗ್ ರೂಪಿಸಿದ, ಅಮೆರಿಕದ ಸೇನೆ 1911ರಲ್ಲಿ ಅಂಗೀಕರಿಸಿದ ಮಾದರಿಯದು. ಅದರ ಕಾಡತೂಸಿಗೆ .45 ಎಸಿಪಿ ಎಂದು ಹೆಸರು. ಆ ಪುಂಗಳಿಯ ಗರಿಷ್ಠ ಉದ್ದ 0.898 ಇಂಚು, ಎಂದರೆ 22.81 ಮಿಲಿಮೀಟರ್. ಕತ್ತರಿಸಬೇಕಾಗಿ ಬಂದರೆ 0.888 ಇಂಚಿಗೆ ಕತ್ತರಿಸಬೇಕು. ಈ ಎರಡರ ನಡುವಿನ ಅಂತರ ಕಾಲು ಮಿಲಿಮೀಟರ್, ಮೂರ್ನಾಲ್ಕು ತಲೆಗೂದಲುಗಳ ದಪ್ಪ. ಇಷ್ಟು ಅಲ್ಪ ಅಂತರಕ್ಕೆ ಇಷ್ಟೊಂದು ಗಲಾಟೆ ಏಕೆಂದು ಮೊದಲ ದಿನವೇ ಕೇಳಿದೆ.

ಉತ್ತರವಾಗಿ ವೃದ್ಧರು ಎರಡು ಪುಂಗಳಿಗಳನ್ನು ನನ್ನ ಅಂಗೈಯಲ್ಲಿಟ್ಟರು. ಒಂದು ಅವರ ಹಳೆಯ ರಿವಾಲ್ವರಿನದು, .38 ಸ್ಪೆಷಲ್, ಅದರ ತಳದಲ್ಲಿ ತಟ್ಟೆಯಂತೆ ಹೊರಚಾಚಿದ ಅಂಚು ಇದೆ. ಗೂಡಿನೊಳಗೆ ಇಳಿಬಿಟ್ಟಾಗ ಆ ಅಂಚು ಹೊರಗೆ ತಡೆದು ನಿಲ್ಲುತ್ತದೆ, ಬಾವಿಯ ಕಟ್ಟೆಗೆ ಕೊಡದ ಕಂಠ ಸಿಕ್ಕಿಕೊಂಡಂತೆ. ಇನ್ನೊಂದು .45 ಎಸಿಪಿಯದು, ಅದರ ಅಂಚು ಹೊರಚಾಚಿಲ್ಲ. ಹಾಗಾದರೆ ಅದನ್ನು ತಡೆದು ನಿಲ್ಲಿಸುವುದು ಯಾವುದು? ಪುಂಗಳಿಯ ಬಾಯಿಯೇ. ನಳಿಗೆಯ ಹಿಂಬದಿಯಲ್ಲಿ ಕೊರೆದ ಗೂಡಿನ ಕೊನೆಯಲ್ಲಿ ಒಂದು ಸಣ್ಣ ಮೆಟ್ಟಿಲಿದೆ, ಬಾಯಿಯ ಅಂಚು ಅದಕ್ಕೆ ತಾಗಿ ನಿಲ್ಲುತ್ತದೆ. ಆದ್ದರಿಂದ ಅದರ ಉದ್ದವೇ ಅದರ ಸ್ಥಾನವನ್ನು ನಿರ್ಣಯಿಸುತ್ತದೆ. 9 ಮಿಲಿಮೀಟರ್ ಪಿಸ್ತೂಲಿನದೂ ಇದೇ ಕ್ರಮ. ಅದರ ಪುಂಗಳಿಯ ಗರಿಷ್ಠ ಉದ್ದ 0.754 ಇಂಚು.

ಪುಂಗಳಿ ಮಿತಿಗಿಂತ ಉದ್ದವಾದರೆ ಪಿಸ್ತೂಲು ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ. ಒತ್ತಾಯದಿಂದ ಮುಚ್ಚಿತೆನ್ನಿ, ಬಾಯಿಯ ಹಿತ್ತಾಳೆ ಮೆಟ್ಟಿಲಿಗೂ ಗುಂಡಿಗೂ ನಡುವೆ ಸಿಕ್ಕು ಗುಂಡನ್ನು ಹಿಸುಕಿ ಹಿಡಿಯುತ್ತದೆ. ಗುಂಡು ಸಲೀಸಾಗಿ ಹೊರಡಲಾರದು, ಒಳಗಿನ ಒತ್ತಡ ಏರುತ್ತದೆ. .45ಕ್ಕೆ ನಿಗದಿಯಾದ ಗರಿಷ್ಠ ಒತ್ತಡವೇ ಚದರ ಇಂಚಿಗೆ 21,000 ಪೌಂಡು. ಕಾರಿನ ಗಾಲಿಯಲ್ಲಿರುವುದು ಸುಮಾರು 32 ಪೌಂಡು. ಅದರ ಆರುನೂರು ಪಟ್ಟಿಗೂ ಮಿಗಿಲಾದದ್ದು ಅಂಗೈಯ ಮುಂದಿನ ಒಂದು ಗೂಡಿನಲ್ಲಿ. 9 ಮಿಲಿಮೀಟರಿನದು 35,000. ಪುಂಗಳಿ ಬಹಳ ಗಿಡ್ಡವಾದರೆ ಗೂಡಿನಲ್ಲಿ ಮುಂದಕ್ಕೆ ಜಾರಿ, ಸೂಜಿಯ ಪೆಟ್ಟು ಸರಿಯಾಗಿ ಬೀಳದೆ ಹೋಗಬಹುದು. ಬಹುಮಟ್ಟಿಗೆ ಪುಂಗಳಿಯನ್ನು ಹೊರಗೆಳೆಯುವ ಕೊಕ್ಕೆಯೇ ಅದನ್ನು ಹಿಂದೆ ಹಿಡಿದಿರುವುದರಿಂದ ಸಣ್ಣಪುಟ್ಟ ಕೊರತೆ ಗೊತ್ತಾಗುವುದಿಲ್ಲ.

ಅಂಚುಳ್ಳ ರಿವಾಲ್ವರಿನ ಪುಂಗಳಿಗೆ ಉದ್ದದ ಗೊಡವೆಯಿಲ್ಲವೆಂದೇನೂ ಅಲ್ಲ. ಅಲ್ಲಿ ಬಾಯನ್ನು ಒಳಕ್ಕೆ ಮಡಿಸಿ ಗುಂಡಿನ ಸುತ್ತಲಿನ ಗೀರಿನಲ್ಲಿ ಬಿಗಿಯುತ್ತಾರೆ. ಅಚ್ಚು ಒಂದೇ ಎತ್ತರಕ್ಕೆ ನಿಂತಿರುವುದರಿಂದ ಉದ್ದ ಪುಂಗಳಿಗೆ ಹೆಚ್ಚು ಮಡಿಕೆ, ಗಿಡ್ಡದಕ್ಕೆ ಕಡಿಮೆ ಮಡಿಕೆ ಬೀಳುತ್ತದೆ. ಒಂದೇ ಪೆಟ್ಟಿಗೆಯ ಐವತ್ತು ಕಾಡತೂಸು ಐವತ್ತು ಬಗೆಯಾಗಿ ನಡೆದುಕೊಳ್ಳುತ್ತವೆ. ಉದ್ದವನ್ನು ಬುದ್ಧಿವಂತಿಕೆಯಿಂದ ಬಳಸಿದ ಉದಾಹರಣೆಯೂ ಇದೆ. .38 ಸ್ಪೆಷಲ್‌ಗಿಂತ ಬಹಳ ಪ್ರಬಲವಾದ .357 ಮ್ಯಾಗ್ನಮ್ ಅನ್ನು 1930ರ ದಶಕದಲ್ಲಿ ರೂಪಿಸಿದವರು ಅದರ ಪುಂಗಳಿಯನ್ನು ಬೇಕೆಂದೇ 0.135 ಇಂಚು ಉದ್ದ ಮಾಡಿದರು. ವ್ಯಾಸ ಒಂದೇ, ಆದರೆ ಉದ್ದನೆಯದು ಹಳೆಯ .38 ರಿವಾಲ್ವರಿನಲ್ಲಿ ಪೂರ್ತಿ ಇಳಿಯದು. ಓದುಬರಹ ಬಾರದವನ ಕೈಯನ್ನೂ ಆ ಮೂರೂವರೆ ಮಿಲಿಮೀಟರ್ ಹಿತ್ತಾಳೆ ತಡೆಯುತ್ತದೆ. ಇಂಥ ಉಪಾಯಗಳನ್ನು ಕಂಡಾಗ ನನಗೆ ಎಂಜಿನಿಯರುಗಳ ಮೇಲೆ ಗೌರವ ಹೆಚ್ಚುತ್ತದೆ.

ಅಳೆಯುವ ಸಾಧನ ಕಂಡಾಗ ನನಗೆ ಹಳೆಯ ಗೆಳೆಯನನ್ನು ಕಂಡಂತಾಯಿತು. ನಾನು ಓದಿದ್ದು ಬಿ.ಎ.; ಆದರೆ ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಬಿದ್ದಾಗಲೆಲ್ಲ ಒಂಬತ್ತನೆಯ ತರಗತಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು ಹೋದವನು ನಾನೇ. ಫ್ರಾನ್ಸಿನ ಪಿಯರ್ ವರ್ನಿಯರ್ 1631ರಲ್ಲಿ ಪ್ರಕಟಿಸಿದ ಆ ಉಪಾಯವನ್ನು, ಕನಿಷ್ಠ ಅಳತೆ ಎಂದರೇನೆಂಬುದನ್ನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ವೃದ್ಧರ ಕ್ಯಾಲಿಪರಿನಲ್ಲಿ ಗಡಿಯಾರದಂಥ ಮುಖವಿತ್ತು. ಮುಳ್ಳು ಒಂದು ಗೆರೆ ಸರಿದರೆ ಇಂಚಿನ ಸಾವಿರದೊಂದು ಭಾಗ. ನಾನು ದವಡೆಗಳನ್ನು ಒರೆಸಿ, ಮುಚ್ಚಿ, ಮುಳ್ಳು ಸೊನ್ನೆಯ ಮೇಲಿದೆಯೇ ಎಂದು ನೋಡಿದೆ. ಅವರು ಮೊಮ್ಮಗನ ಕಡೆ ತಿರುಗಿ ಏನೋ ಹೇಳಿ ನಕ್ಕರು. “ಮುತ್ಯಾ, ಇವರು ಹೇಳ್ತಾರ, ನಿಮಗ ಕಲಸೂ ಅವಶ್ಯಕತೆ ಇಲ್ಲಂತ,” ಎಂದ ಅವನು.

ಹಾಗೆ ನನಗೊಂದು ಕೆಲಸ ಸಿಕ್ಕಿತು. ನಾನು ಅಳೆದು ಹೇಳುವುದು, ಅವನು ಬರೆದುಕೊಳ್ಳುವುದು. “ಮುತ್ಯಾ, ನೀವು ಓದ್ರಿ, ನಾ ಬರಕೋತೀನಿ.” ಎಂಟು ಒಂಬತ್ತು ಒಂದು, ಎಂಟು ಎಂಟು ಒಂಬತ್ತು, ಎಂಟು ಒಂಬತ್ತು ಸೊನ್ನೆ. ಕನ್ನಡದ ಅಂಕಿಗಳಲ್ಲಿ ಅವನಿಗೆ ಆರಕ್ಕೂ ಏಳಕ್ಕೂ ಗೊಂದಲವಿತ್ತು. ಮೂರನೆಯ ಸಂಜೆಗೆ ಹೋಯಿತು. ‘ಪುಂಗಳಿ’ ಎಂಬ ಶಬ್ದವನ್ನಂತೂ ಅವನು ಎಷ್ಟು ಮೆಚ್ಚಿದನೆಂದರೆ ಆ ವೃದ್ಧರ ಬಾಯಲ್ಲೂ ಅದು ‘ಪಂಗ್ಲಿ’ಯಾಗಿ ನೆಲೆಗೊಂಡಿತು. ಪೋರ್ಚುಗೀಸರಿಂದ ಮರಾಠಿಗೆ, ಮರಾಠಿಯಿಂದ ಕನ್ನಡಕ್ಕೆ ಶಬ್ದ ಬಂದುದನ್ನು ಪಾಠ ಹೇಳಿದವನಿಗೆ, ನಮ್ಮಿಂದಲೂ ಒಂದು ಶಬ್ದ ಗಡಿ ದಾಟಿದ್ದು ಸಂತೋಷವೇ.

ಅಳೆಯುವುದರಲ್ಲಿಯೂ ಕ್ರಮವಿದೆ. ಅಚ್ಚಿಗೆ ಹಾಕುವ ಮೊದಲು ಅಳೆದರೆ ಪ್ರಯೋಜನವಿಲ್ಲ. ಉಬ್ಬಿದ ಹಿತ್ತಾಳೆಯನ್ನು ಅಚ್ಚು ಸುತ್ತಲಿನಿಂದ ಒತ್ತಿದಾಗ ಅದು ತುಸು ಉದ್ದವಾಗುತ್ತದೆ, ಆದ್ದರಿಂದ ಒತ್ತಿದ ಮೇಲೆಯೇ ಅಳೆಯಬೇಕು. ಹಳೆಯ ಪ್ರೈಮರ್ ಹೊರಬಿದ್ದಿರಬೇಕು. ಅದು ಕೂದಲೆಳೆಯಷ್ಟು ಹೊರಚಾಚಿದ್ದರೂ ಸುಳ್ಳು ಉದ್ದ ತೋರಿಸುತ್ತದೆ. ಬಾಯಿಯ ಅಂಚಿನಲ್ಲಿ ನವುರಾದ ಮುಳ್ಳಿರಬಾರದು. ಪುಂಗಳಿಯನ್ನು ದವಡೆಗಳ ನಡುವೆ ನೆಟ್ಟಗೆ ಹಿಡಿದು ಮೆಲ್ಲಗೆ ತಿರುಗಿಸಿ, ಎಲ್ಲಿ ಹೆಚ್ಚು ತೋರುತ್ತದೋ ಅದನ್ನು ಬರೆಯಬೇಕು. ಸಾವಿರ ಪುಂಗಳಿ ಇರುವವರು ಕ್ಯಾಲಿಪರ್ ಹಿಡಿದು ಕೂರಲಾರರು. ಅವರಿಗೆ ಉಕ್ಕಿನ ಅಳತೆಗೂಡು ಸಿಗುತ್ತದೆ. ಅದರ ತುದಿಯಲ್ಲಿ ಎರಡು ಮಟ್ಟಗಳು; ಪುಂಗಳಿ ಮೇಲಿನ ಮಟ್ಟವನ್ನು ಮೀರಬಾರದು, ಕೆಳಗಿನ ಮಟ್ಟಕ್ಕಿಂತ ಇಳಿಯಬಾರದು. ಬೆರಳು ಸವರಿದರೆ ತಿಳಿಯುತ್ತದೆ. ಉದ್ದ ಮೀರಿದ್ದನ್ನು ಕೈಯಿಂದ ತಿರುಗಿಸುವ ಪುಟ್ಟ ಲೇತ್‌ನಲ್ಲಿ ಕತ್ತರಿಸಿ, ಬಾಯಿಯ ಒಳಹೊರಗಿನ ಅಂಚುಗಳನ್ನು ಹೆರೆದು ನಯಗೊಳಿಸುತ್ತಾರೆ.

ಮೊದಲ ವಾರ ಇನ್ನೂರು ಪುಂಗಳಿ ಅಳೆದೆವು. ಒಂದೂ ಮಿತಿ ಮೀರಿರಲಿಲ್ಲ. ಅತಿ ಉದ್ದನೆಯದು 0.894, ನಾಲ್ಕು ಮಾತ್ರ 0.888ಕ್ಕಿಂತ ಕಡಿಮೆಯಿದ್ದವು, ಅವನ್ನು ವೃದ್ಧರು ಗುಜರಿಯ ಡಬ್ಬಿಗೆ ಎಸೆದರು. ಇದು ಆಕಸ್ಮಿಕವಲ್ಲವಂತೆ. ರೈಫಲ್ಲಿನ, ಭುಜ ಮತ್ತು ಕುತ್ತಿಗೆಯುಳ್ಳ ಪುಂಗಳಿಗಳು ಹಾರಿಸಿದಷ್ಟೂ ಉದ್ದವಾಗುತ್ತವೆ; ಅಲ್ಲಿ ಅಳೆಯದೆ ತುಂಬುವುದು ಅಪಾಯ. ಕಡಿಮೆ ಒತ್ತಡದ, ನೆಟ್ಟಗಿನ ಗೋಡೆಯ .45ರ ಪುಂಗಳಿ ಮಾತ್ರ ಹಾರಿಸಿದಷ್ಟೂ ಅಗಲಕ್ಕೆ ಉಬ್ಬಿ, ಉದ್ದದಲ್ಲಿ ತುಸು ಕುಗ್ಗುತ್ತದೆ. ಆ ದೇಶದಲ್ಲಿ ಅನೇಕರು ಇದನ್ನು ಜೀವಮಾನದಲ್ಲಿ ಒಮ್ಮೆಯೂ ಅಳೆಯುವುದಿಲ್ಲವೆಂದು ಅವರೇ ಹೇಳಿದರು. ಹಾಗಾದರೆ ನಾವೇಕೆ ಅಳೆಯುತ್ತಿದ್ದೇವೆ ಎಂದು ಮೊಮ್ಮಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ವೃದ್ಧರು ಹೆಗಲು ಕುಣಿಸಿದರು.

ಉತ್ತರ ಎರಡು ಕಂತುಗಳಲ್ಲಿ ಬಂತು. ಮೊದಲನೆಯದು: ಮೊಮ್ಮಗ ತುಂಬಿದ ಕಾಡತೂಸುಗಳಲ್ಲಿ ಹತ್ತಕ್ಕೆ ಒಂದೆರಡು ಗೂಡಿನಲ್ಲಿ ಪೂರ್ತಿ ಇಳಿಯುತ್ತಿರಲಿಲ್ಲ. ಪರೀಕ್ಷೆ ಬಹಳ ಸರಳ. ಪಿಸ್ತೂಲಿನಿಂದ ನಳಿಗೆಯನ್ನು ಬಿಚ್ಚಿ, ಹಿಂಬದಿ ಮೇಲೆ ಮಾಡಿ ಹಿಡಿದು, ಕಾಡತೂಸನ್ನು ಅದರೊಳಗೆ ಬಿಡಬೇಕು. ‘ಟಣ್’ ಎಂದು ಬಿದ್ದು, ತಿರುವಿದಾಗ ತಾನಾಗಿ ಹೊರಬಿದ್ದರೆ ಸರಿ. ಇವು ಅರ್ಧದಲ್ಲಿ ನಿಲ್ಲುತ್ತಿದ್ದವು. ಅವನು ಉದ್ದವನ್ನೇ ಅನುಮಾನಿಸಿ ಕತ್ತರಿಸುವ ಯಂತ್ರ ಕೊಳ್ಳಲು ಹೊರಟಿದ್ದ. ನಮ್ಮ ಪಟ್ಟಿ ಇತ್ತಲ್ಲ, ಉದ್ದ ನಿರಪರಾಧಿಯೆಂದು ಅದು ಸಾಕ್ಷಿ ಹೇಳಿತು. ಹಾಗಾದರೆ ದೋಷ ಬೇರೆಡೆ ಇರಬೇಕು. ಕ್ಯಾಲಿಪರನ್ನು ಅಡ್ಡ ಹಿಡಿದು ತುಂಬಿದ ಕಾಡತೂಸಿನ ಬಾಯಿಯ ವ್ಯಾಸ ಅಳೆದೆವು: 0.476. ಇರಬೇಕಾದದ್ದು ಹೆಚ್ಚೆಂದರೆ 0.473. ಗುಂಡು ಕೂಡಿಸಲು ಅರಳಿಸಿದ ಬಾಯನ್ನು ಕೊನೆಯ ಅಚ್ಚು ಪೂರ್ತಿ ಮುಚ್ಚುತ್ತಿರಲಿಲ್ಲ. ಅಚ್ಚನ್ನು ಕಾಲು ಸುತ್ತು ಇಳಿಸಿದರು. ಮತ್ತೆ ಬಿಟ್ಟಾಗ ‘ಟಣ್’. ಆ ಸದ್ದಿಗೆ ಅವನು ಮಗುವಿನಂತೆ ನನ್ನ ಭುಜ ಹಿಡಿದು ಕುಣಿದ.

ಎರಡನೆಯದು ನನ್ನ ಕೈಗೇ ಸಿಕ್ಕಿತು. ಆರನೆಯ ವಾರವಿರಬೇಕು. ಗುರಿ ಮೈದಾನದ ನೆಲದಿಂದ ಆಯ್ದ ಪುಂಗಳಿಗಳ ರಾಶಿ. ಅದರಲ್ಲಿ ಇತರರು ಹಾರಿಸಿದವೂ ಸೇರಿರುತ್ತವೆ. ನಾನು ಅಭ್ಯಾಸಬಲದಿಂದ “ಎಂಟು...” ಎಂದು ಆರಂಭಿಸಿ ನಿಂತೆ. ಮುಳ್ಳು ತೋರಿಸಿದ್ದು ಏಳು ಐದು ಐದು. ಕನ್ನಡಕ ಒರೆಸಿ ಮತ್ತೆ ಅಳೆದೆ. ಏಳು ಐದು ಐದೇ. ಅದು .45 ಗ್ಯಾಪ್ ಎಂಬ ಬೇರೊಂದು ಕಾಡತೂಸಿನ ಪುಂಗಳಿ. ಬುಡದ ಗಾತ್ರ, ಬಾಯಿಯ ಗಾತ್ರ ಎಲ್ಲ .45 ಎಸಿಪಿಯಂತೆಯೇ, ಉದ್ದ ಮಾತ್ರ ಸುಮಾರು ಮೂರೂವರೆ ಮಿಲಿಮೀಟರ್ ಕಡಿಮೆ. ಅದೇ ಅಚ್ಚುಗಳಲ್ಲಿ ಸಲೀಸಾಗಿ ಹೋಗಿ ಬಂದಿತ್ತು. ಪಕ್ಕಪಕ್ಕದಲ್ಲಿಟ್ಟರೆ ಕುರುಡನಿಗೂ ತಿಳಿಯುವ ವ್ಯತ್ಯಾಸ. ರಾಶಿಯಲ್ಲಿ ಮೂರು ಜನರ ಆರು ಕಣ್ಣುಗಳಿಗೆ ಕಂಡಿರಲಿಲ್ಲ. ಅದರಲ್ಲಿ ಗುಂಡು ಕೂಡಿಸಿದ್ದರೆ ಹಿಡಿತ ಅರ್ಧಕ್ಕಿಳಿಯುತ್ತಿತ್ತು, ಕೊನೆಯ ಅಚ್ಚು ಅದರ ಬಾಯನ್ನು ಮುಟ್ಟುತ್ತಲೇ ಇರಲಿಲ್ಲ; ಪಿಸ್ತೂಲಿಗೆ ತುಂಬುವಾಗ ಗುಂಡು ಒಳಕ್ಕೆ ಜಾರಿದರೆ ಮದ್ದಿಗೆ ಜಾಗ ಕಿರಿದಾಗಿ ಒತ್ತಡ ಏರುವುದು ಖಚಿತ. ವೃದ್ಧರು ಮಾತ್ರ ಉತ್ಪ್ರೇಕ್ಷೆಗೆ ಅವಕಾಶ ಕೊಡಲಿಲ್ಲ. ಅದಕ್ಕೆ ಬೇಕಾದದ್ದು ಸಣ್ಣ ಪ್ರೈಮರ್, ನಮ್ಮ ದೊಡ್ಡ ಪ್ರೈಮರ್ ಕೂರುತ್ತಿರಲಿಲ್ಲ, ಆ ಹಂತದಲ್ಲಾದರೂ ಸಿಕ್ಕಿಬೀಳುತ್ತಿತ್ತು ಎಂದರು. ಆದರೂ ಅಂದಿನಿಂದ ಮೊಮ್ಮಗ ಏಕೆ ಅಳೆಯಬೇಕೆಂದು ಕೇಳಲಿಲ್ಲ.

ಉದ್ದವೇ ದೊಡ್ಡ ಅಪಾಯವೆಂದು ಓದುಗರು ತಿಳಿಯಬಾರದು. ಮೇಜಿನ ಮೇಲಿನ ಕಪಾಟಿನಲ್ಲಿ ಗಾಜಿನ ಸೀಸೆಯೊಳಗೆ ಒಂದು ಪುಂಗಳಿ ಇತ್ತು. ಬುಡದ ಬಳಿ, ನಳಿಗೆಯ ಆಸರೆ ಸಿಗದ ಕಡೆ, ಕಾಗದದಂತೆ ಹರಿದು ಹೊರಮಡಚಿತ್ತು. ಅವರ ಸ್ನೇಹಿತರೊಬ್ಬರದಂತೆ. ಮಾತನಾಡುತ್ತ ತುಂಬುವಾಗ ಒಂದೇ ಪುಂಗಳಿಗೆ ಎರಡು ಸಲ ಮದ್ದು ಬಿದ್ದಿತ್ತು. ಕೈ ಉಳಿಯಿತು, ಎರಡು ಬೆರಳುಗಳ ಸ್ಪರ್ಶ ಉಳಿಯಲಿಲ್ಲ. ಪಿಸ್ತೂಲಿನ ಮದ್ದು ಪುಂಗಳಿಯ ತಳದಲ್ಲಿ ಅಲ್ಪವಾಗಿ ಕೂರುತ್ತದೆ. ಎರಡು ಪಟ್ಟು ಬಿದ್ದರೂ ಹೊರಚೆಲ್ಲದೆ ಅಡಗಿಬಿಡುತ್ತದೆ. ಆದ್ದರಿಂದ ಗುಂಡು ಕೂಡಿಸುವ ಮೊದಲು ಐವತ್ತು ಪುಂಗಳಿಗಳನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಬ್ಯಾಟರಿ ದೀಪ ಹಿಡಿದು ಪ್ರತಿಯೊಂದರ ಬಾಯೊಳಗೆ ಇಣುಕಬೇಕು. ಫೋನು ಹೊರಗಿನ ಬುಟ್ಟಿಯಲ್ಲಿರುವುದೂ ಇದೇ ಕಾರಣಕ್ಕೆ.

ತೂಕದ ಮಾತು ಬಂದಾಗ ನನಗೂ ಒಂದು ಅವಕಾಶ ಸಿಕ್ಕಿತು. ಅವರು ತೂಗುವುದು ಗ್ರೇನ್ ಎಂಬ ಮಾನದಲ್ಲಿ. ಪೌಂಡಿಗೆ 7,000 ಗ್ರೇನ್. ನಮ್ಮ ತೊಲೆ ಎಂದರೆ 180 ಗ್ರೇನ್, ತೊಲೆಗೆ 96 ಗುಲಗಂಜಿ, ಆದ್ದರಿಂದ ಗುಲಗಂಜಿಯೊಂದಕ್ಕೆ ಎರಡು ಗ್ರೇನಿಗಿಂತ ತುಸು ಕಡಿಮೆ ಎಂದು ಲೆಕ್ಕ ಹಾಕಿ ತೋರಿಸಿದೆ. ಅವರ .45ರ ರೂಢಿಯ ಗುಂಡು 230 ಗ್ರೇನ್, ಒಂದೂಕಾಲು ತೊಲೆ. ಕೆಂಪು ಬೀಜಕ್ಕೆ ಕಪ್ಪು ಚುಕ್ಕೆಯ ಚಿತ್ರವನ್ನು ಫೋನಿನಲ್ಲಿ ನೋಡಿ (ಗ್ಯಾರೇಜಿನ ಹೊರಗೆ ನಿಂತು) ವೃದ್ಧರು ಬೆರಗಾದರು.

ಮಗಳು ಒಪ್ಪಿಸಿದ ಕೆಲಸ ಹಾಗೆಯೇ ಉಳಿದಿತ್ತು. ಅದನ್ನು ನಾನು ಮರೆತಿರಲಿಲ್ಲ. ಒಂದು ರಾತ್ರಿ ಅಳಿಯಂದಿರ ಮುಂದೆ ನಮ್ಮ ನೋಟುಪುಸ್ತಕವನ್ನಿಟ್ಟೆ. ದಿನಾಂಕ, ಪುಂಗಳಿಯ ಸಂಖ್ಯೆ, ಉದ್ದ, ಎಷ್ಟನೆಯ ಬಾರಿ ತುಂಬಿದ್ದು, ತಿರಸ್ಕರಿಸಿದ್ದೇಕೆ. ಎಲ್ಲ ಅವರ ಮಗನ ಅಕ್ಷರ. ಅವರು ಬಹಳ ಹೊತ್ತು ಪುಟ ತಿರುವಿದರು. “ಮಾವನವರೆ, ಇಷ್ಟೊಂದು ಶ್ರದ್ಧೆ ಓದಿನ್ಯಾಗ ಇದ್ದಿದ್ರ,” ಎಂದರು. ಓದಿನಲ್ಲೂ ಇದೆಯೆಂದು ಅವರಿಗೂ ಗೊತ್ತು. ಪಿಸ್ತೂಲು ಮನೆಯಲ್ಲಿರುವುದಕ್ಕೆ ತಮ್ಮ ಒಪ್ಪಿಗೆ ಇಲ್ಲವೆಂದು ಮತ್ತೆ ಹೇಳಿದರು. ನಾನು ಅದಕ್ಕೆ ಎದುರಾಡಲಿಲ್ಲ. ಎರಡು ದಿನ ಬಿಟ್ಟು ಮೊಮ್ಮಗನೇ ಒಂದು ಮಾತು ಹೇಳಿದ: ಬೀಗದ ಪೆಟ್ಟಿಗೆಯ ಸಮೇತ ಪಿಸ್ತೂಲನ್ನು ವೃದ್ಧರ ಮನೆಯ ಉಕ್ಕಿನ ತಿಜೋರಿಯಲ್ಲಿಡುತ್ತೇನೆ, ಇಲ್ಲಿಗೆ ತರುವುದಿಲ್ಲ. ತಂದೆ ತಲೆಯಾಡಿಸಿದರು. ಅಂದು ರಾತ್ರಿ ಇಬ್ಬರೂ ಒಂದೇ ಹೊತ್ತಿಗೆ ಊಟಕ್ಕೆ ಕುಳಿತರು. ಮಾತು ಹೆಚ್ಚೇನೂ ಆಡಲಿಲ್ಲ, ಉಪ್ಪಿನಕಾಯಿ ದಾಟಿಸಿಕೊಂಡರು. ಮಗಳು ನನ್ನ ಕಡೆ ನೋಡಿದಳು, ನಾನು ರೊಟ್ಟಿಯ ಕಡೆ ನೋಡಿದೆ.

ಹೊರಡುವ ಹಿಂದಿನ ದಿನ ವೃದ್ಧರು ಒಂದು ಹೊಳೆಯುವ ಪುಂಗಳಿಯನ್ನು ನೆನಪಿಗೆಂದು ಕೊಡಬಂದರು. ವಿಮಾನ ನಿಲ್ದಾಣದಲ್ಲಿ ನನ್ನ ಚೀಲದಿಂದ ಅದು ಹೊರಬಂದರೆ ಆಗುವ ಪ್ರಶ್ನೋತ್ತರವನ್ನು ಊಹಿಸಿಕೊಂಡು, ಕೈಮುಗಿದು ಬೇಡವೆಂದೆ. ಆಗ ಒಳಗೆ ಹೋಗಿ ಕ್ಯಾಲಿಪರನ್ನೇ ತಂದು ಕೊಟ್ಟರು. ಅದು ಈಗ ಅಕ್ಕಲಕೋಟೆಯಲ್ಲಿ, ಹೆಚ್ಚಾಗಿ ನಮ್ಮ ಓಣಿಯ ಪತ್ತಾರರ ಅಂಗಡಿಯಲ್ಲಿರುತ್ತದೆ. ಬಳೆಯ ತಗಡಿನ ದಪ್ಪ ನೋಡಲು ಅವರಿಗೆ ಅದು ಬಹಳ ಹಿಡಿಸಿದೆ. ಮುಖದ ಮೇಲಿರುವುದು ಇಂಚಿನ ಗೆರೆಗಳು ಮಾತ್ರ. ಆದ್ದರಿಂದ ಪ್ರತಿ ಸಲವೂ ಹುಡುಗನನ್ನು ಅಟ್ಟುತ್ತಾರೆ, ನಾನು ಹೋಗಿ 25.4ರಿಂದ ಗುಣಿಸಿ ಮಿಲಿಮೀಟರ್ ಹೇಳಿ ಬರುತ್ತೇನೆ.